ಲಿಂಡ್‌ಗ್ರೆನ್ ಮೂಲೆ

"ಇದ್ರಲ್ಲಿ ಹಂದಿ ಇಲ್ಲ ತಾನೆ?" ಎನ್ನುತ್ತ ಆರ್ಡಿತ್ ತಟ್ಟೆಯ ಮೇಲಿನ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು.

"ನಿನ್ನ ಅಡುಗೆಮನೇಲಿ ಹಂದಿ ಇಲ್ದೇ ಇರೋದು ಇದೊಂದೇ. ಬೇಗ ಜಾಗ ಕೊಡು, ಕೈ ಸುಡ್ತಿದೆ," ಎಂದಳು ಸೆನಾದಾ.

ಚರ್ಚಿನ ನೆಲಮಾಳಿಗೆಯ ಉದ್ದನೆಯ ಮೇಜಿನ ಮೇಲೆ ಹಂದಿಮಾಂಸದ ಬನ್ನುಗಳು ಗೋಪುರವಾಗಿ ನಿಂತಿದ್ದವು. ಪಕ್ಕದಲ್ಲಿ ಕೆನೆ ಸುರಿದು ಬೇಯಿಸಿದ ಆಲೂಗಡ್ಡೆ, ನಾಲ್ಕು ಬಗೆಯ ಕೇಕು, ಯಾರಾದರೂ ಹತ್ತಿರ ನಡೆದಾಡಿದರೆ ಸಾಕು ನಡುಗುವ ಕೆಂಪು ಜೆಲ್ಲಿ. ಆರ್ಡಿತ್ ಜೆಲ್ಲಿಯನ್ನು ಅತ್ತ ಸರಿಸಿದಳು. ತೆಳ್ಳನೆ ಹಿಟ್ಟಿನ ಹಾಳೆಯೊಳಗೆ ಚೀಸ್ ತುಂಬಿ, ಸುರುಳಿ ಸುತ್ತಿ ಬೇಯಿಸಿದ ಪಿತಾ ಅಲ್ಲಿ ಕೂತಿತು. ಬೋಸ್ನಿಯಾದಿಂದ ಬಂದು ಇಪ್ಪತ್ತೈದು ವರ್ಷವಾದರೂ ಸೆನಾದಾಳ ಕೈ ಹಿಟ್ಟನ್ನು ಮಾತ್ರ ತನ್ನ ತಾಯಿ ಎಳೆದ ಹಾಗೇ ಎಳೆಯುತ್ತಿತ್ತು.

"ಡೆಲ್ಮರ್ ಇದ್ದಿದ್ರೆ ಅರ್ಧ ತಟ್ಟೆ ಅವನೊಬ್ನೇ ಮುಗಿಸ್ತಿದ್ದ," ಎಂದಳು ಆರ್ಡಿತ್.

"ಅದಕ್ಕೇ ಮಾಡ್ಕೊಂಡು ಬಂದೆ."

ಡೆಲ್ಮರ್ ಫೋಕರ್ಟ್ಸ್ ಈಗ ಮೇಲಿನ ಅಂತಸ್ತಿನಲ್ಲಿ, ಪೀಠದ ಮುಂದೆ, ಪೆಟ್ಟಿಗೆಯಲ್ಲಿ ಮಲಗಿದ್ದ. ಎಂಬತ್ತನಾಲ್ಕು ವರ್ಷ. ಮಂಗಳವಾರ ಬೆಳಿಗ್ಗೆ ಬೂಟಿನ ದಾರ ಕಟ್ಟಲು ಬಗ್ಗಿದವನು ಹಾಗೇ ಮುಗಿದುಹೋಗಿದ್ದ. ಮೂವತ್ತೊಂದು ವರ್ಷ ಆ ಊರಿನ ಶಾಲೆಯ ಆರನೇ ನಂಬರಿನ ಬಸ್ಸು ಓಡಿಸಿದ್ದನ್ನು ಬಿಟ್ಟರೆ ಅವನ ಬಗ್ಗೆ ಪತ್ರಿಕೆಯವರಿಗೂ ಬರೆಯಲು ಹೆಚ್ಚೇನೂ ಸಿಕ್ಕಿರಲಿಲ್ಲ.

"ನನ್ನ ನಾಲ್ಕು ಮಕ್ಕಳೂ ಅವನ ಬಸ್ಸಲ್ಲೇ ದೊಡ್ಡೋರಾಗಿದ್ದು," ಎಂದಳು ಬನ್ನಿಗೆ ಬೆಣ್ಣೆ ಸವರುತ್ತಿದ್ದ ಬರ್ನೀಸ್. "ಒಂದ್ಸಲ ಹಾರನ್ ಹೊಡೀತಿದ್ದ, ಆಮೇಲೆ ಕಾಯ್ತಿದ್ದ. ನನ್ನ ಚಿಕ್ಕವನು ಕಾಲುಚೀಲ ಹುಡುಕೋವರೆಗೂ ಕಾಯ್ತಿದ್ದ. ಒಂದು ಮಗೂನೂ ಬಿಟ್ಟು ಹೋದವನಲ್ಲ."

"ಬಿಟ್ಟು ಹೋಗೋದಿರ್ಲಿ, ನಿಂತ ಜಾಗದಿಂದ ಅವನನ್ನ ಕದಲಿಸೋಕಾದ್ರೂ ಆಗ್ತಿತ್ತಾ? ಆವತ್ತು ಸಮಾವೇಶದಲ್ಲಿ ನೋಡ್ಲಿಲ್ವಾ..." ಎಂದ ಆರ್ಡಿತ್ ಸೆನಾದಾಳ ಮುಖ ನೋಡಿ ಮಾತು ನುಂಗಿದಳು. "ಅಲ್ಲ ಕಣೆ, ನಿನ್ನನ್ನ ಅಂದಿದ್ದಲ್ಲ. ನೀನು ಆಗಿನ್ನೂ ಹೊಸಬಳು, ಪಾಪ. ಆ ಮುದಿಕತ್ತೆ ಹಿಂದೆ ಸುಮ್ನೆ ನಿಂತಿದ್ದೆ."

ಊರೆಲ್ಲ ಅದನ್ನು ಹಾಗೇ ತಿಳಿದಿತ್ತು. ಸೆನಾದಾ ಪಿತಾ ಕತ್ತರಿಸಲು ಚಾಕು ತೆಗೆದುಕೊಂಡಳು.

"ಕರ್ಟಿಸ್ ಸಂಜೆ ಆರರ ವಿಮಾನಕ್ಕೇ ಹೊರಡ್ತಾನಂತೆ," ಎಂದಳು ಬರ್ನೀಸ್. "ಅಪ್ಪನ ಮನೆ ಮಾರೋದಕ್ಕೂ ಹೇಳಿಟ್ಟಿದಾನಂತೆ. ಇನ್ನು ಅರಿಜೋನಾ ಬಿಟ್ಟು ಈ ಕಡೆ ತಲೆ ಹಾಕ್ತಾನಾ?"

ಚಾಕು ಅಲ್ಲೇ ನಿಂತಿತು. ಹದಿನಾರು ವರ್ಷದಿಂದ ಸೆನಾದಾಳ ಗಂಟಲಲ್ಲಿ ಒಂದು ಮಾತು ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಅದನ್ನು ಕೇಳಬೇಕಾದವನು ಡೆಲ್ಮರನ ಮಗ ಕರ್ಟಿಸ್ ಒಬ್ಬನೇ. ಸಂಜೆ ಆರು ಗಂಟೆ ದಾಟಿದರೆ ಅದನ್ನು ಅವನಿಗೆ ಹೇಳುವ ದಿನ ಬರುವುದಿಲ್ಲ.

*

ಅಮೆರಿಕದ ಅಯೋವಾದಲ್ಲಿ ಅಧ್ಯಕ್ಷ ಚುನಾವಣೆಗೆ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಮೊದಲು ಹೇಳುವುದು ಚೀಟಿಯಲ್ಲ, ಕಾಲು. ಜನವರಿಯ ಒಂದು ಸಂಜೆ ನೆರೆಹೊರೆಯವರೆಲ್ಲ ಶಾಲೆಯ ಊಟದ ಕೋಣೆಯಲ್ಲಿ ಸೇರಿ, ತಮಗೆ ಬೇಕಾದವನ ಹೆಸರಿನ ಮೂಲೆಗೆ ಹೋಗಿ ನಿಲ್ಲುತ್ತಾರೆ. ತಲೆ ಎಣಿಸಿ, ಒಂದೊಂದು ಮೂಲೆಯಿಂದ ಇಷ್ಟಿಷ್ಟು ಪ್ರತಿನಿಧಿಗಳೆಂದು ಆರಿಸುತ್ತಾರೆ. ಆ ಪ್ರತಿನಿಧಿಗಳು ಮಾರ್ಚಿನಲ್ಲಿ ಕೌಂಟಿಯ, ಅಂದರೆ ಜಿಲ್ಲೆಯ, ಸಮಾವೇಶಕ್ಕೆ ಹೋಗಿ ಮತ್ತೆ ಮೂಲೆ ಹಿಡಿದು ನಿಲ್ಲಬೇಕು.

ಹದಿನಾರು ವರ್ಷದ ಹಿಂದಿನ ಆ ಜನವರಿಗೆ ಸೆನಾದಾಳಿಗೆ ಪೌರತ್ವ ಬಂದು ಮೂರು ತಿಂಗಳಾಗಿತ್ತು. ಅವಳ ಮಗಳು ಅಮ್ರಾಳನ್ನು ಬಸ್ಸು ಹತ್ತಿಸಿಕೊಳ್ಳುವಾಗ ಡೆಲ್ಮರ್ ಕಿಟಕಿಯಿಂದ ತಲೆ ಹಾಕಿ, "ಸೋಮವಾರ ಸಂಜೆ ಬನ್ನಿ ತಾಯೀ. ಕಾಫಿ, ಬಿಸ್ಕತ್ತು ಇರುತ್ತೆ. ಲಿಂಡ್‌ಗ್ರೆನ್ ಮೂಲೇಲಿ ನಾನಿರ್ತೀನಿ," ಎಂದಿದ್ದ. ಲಿಂಡ್‌ಗ್ರೆನ್ ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಡೆಲ್ಮರ್ ಗೊತ್ತಿದ್ದ. ಹೋಗಿ ಅವನ ಪಕ್ಕ ನಿಂತಳು. ಆ ಮೂಲೆಗೆ ಇಬ್ಬರು ಪ್ರತಿನಿಧಿಗಳು ಬೇಕಾಗಿದ್ದರು. ಮಾರ್ಚಿನ ಶನಿವಾರವೊಂದನ್ನು ಹಾಳುಮಾಡಿಕೊಳ್ಳಲು ಬೇರೆ ಯಾರೂ ಕೈ ಎತ್ತಲಿಲ್ಲ. "ಒಂದೇ ದಿನದ ಕೆಲಸ," ಎಂದು ಡೆಲ್ಮರ್ ಹಾಳೆಯ ಮೇಲೆ ತನ್ನ ಹೆಸರಿನ ಕೆಳಗೆ ಅವಳ ಹೆಸರನ್ನೂ ಬರೆದ. ಸೆನಾದಾ ಮುಯ್ಕಿಚ್. ಮನೆಯ ನಂಬರು, ಬೀದಿ, ಎಲ್ಲ.

ಮೂರು ವಾರಕ್ಕೆ ಲಿಂಡ್‌ಗ್ರೆನ್ ಟೀವಿಯಲ್ಲಿ ಹೆಂಡತಿಯ ಕೈ ಹಿಡಿದುಕೊಂಡು, ತಾನು ಕಣದಿಂದ ಹಿಂದೆ ಸರಿದೆನೆಂದು ಹೇಳಿ ಮನೆಗೆ ಹೋದ. ಅವನ ಪ್ರತಿನಿಧಿಗಳು ತಾಯಿಯಿಲ್ಲದ ಮಕ್ಕಳಾದರು. ತಾಯಿಯಿಲ್ಲದ ಮಕ್ಕಳ ಮೇಲೆ ಊರಿಗೆಲ್ಲ ಪ್ರೀತಿ ಉಕ್ಕಿತು. ಕಣದಲ್ಲಿ ಉಳಿದಿದ್ದ ಬ್ರಾಕೆಟ್, ಒನೀಲ್ ಇಬ್ಬರ ಕಡೆಯವರೂ ಪೈ ಹಿಡಿದುಕೊಂಡು, ಹೂ ಹಿಡಿದುಕೊಂಡು ಬಾಗಿಲು ಬಾಗಿಲಿಗೆ ಬರತೊಡಗಿದರು.

ಒಂದು ಮಧ್ಯಾಹ್ನ ಸೆನಾದಾಳ ಬಾಗಿಲಲ್ಲಿ ಇಬ್ಬರು ಗಂಡಸರು ನಿಂತಿದ್ದರು. ನಗುಮುಖದವರು. ಒಬ್ಬನ ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆ.

"ಮುಯ್ಕಿಚ್ ಅಂದ್ರೆ ನೀವೇ ಅಲ್ವಾ? ನಿಮ್ಮ ಹೆಸರು ನಮ್ಮ ಪಟ್ಟೀಲಿದೆ. ನೀವು ಲಿಂಡ್‌ಗ್ರೆನ್ ಕಡೆಯೋರು. ಈಗ ಯಾವ ಕಡೆ ಅಂತ ತಿಳ್ಕೊಂಡು ಹೋಗೋಣ ಅಂತ."

ಅವಳು ಬಾಗಿಲು ಹಾಕಿ ಅಗುಳಿ ಹಾಕಿದಳು. ಕಾಗದಪತ್ರವನ್ನೆಲ್ಲ ಚೀಲಕ್ಕೆ ತುಂಬಿದಳು. ಮರುದಿನ ಬೆಳಿಗ್ಗೆ ಬಸ್ಸು ಬಂದು ಹಾರನ್ ಹೊಡೆಯಿತು. ಕಾಯಿತು. ಅಮ್ರಾ ಹೊರಗೆ ಬರಲಿಲ್ಲ. ಮಕ್ಕಳಿದ್ದಾಗ ಸೀಟು ಬಿಟ್ಟು ಏಳದ ಡೆಲ್ಮರ್ ಅಂದು ಎದ್ದು, ಬೀಗದ ಕೈ ಜೇಬಿಗಿಟ್ಟು, ಹಿಮ ತುಳಿದುಕೊಂಡು ಬಾಗಿಲಿಗೆ ಬಂದ.

"ಮಗೂಗೆ ಹುಷಾರಿಲ್ವಾ?"

ಬಾಗಿಲಿನ ಸಂದಿಯಿಂದ ಅವಳು ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದಳು. "ಅವರ ಹತ್ರ ಪಟ್ಟಿ ಇದೆ. ನನ್ನ ಹೆಸರಿದೆ."

ಡೆಲ್ಮರ್ ಟೋಪಿ ತೆಗೆದ. "ಆ ಹೆಸರು ಬರೆದವನು ನಾನು, ತಾಯೀ. ತಪ್ಪು ನಂದು." ಬೂಟಿನ ಹಿಮವನ್ನು ಮೆಟ್ಟಿಲಿಗೆ ಕೊಡವಿದ. "ನೀವು ಸಮಾವೇಶಕ್ಕೆ ಬರದೇ ಇದ್ರೂ ನಡೆಯುತ್ತೆ. ಆ ಕಡೆ ಹೋದ್ರೂ ನಡೆಯುತ್ತೆ. ಇಲ್ಲಿ ಯಾರೂ ಏನೂ ಮಾಡೋದಿಲ್ಲ."

"ನಮ್ಮೂರಲ್ಲೂ ಯುದ್ಧದ ಹೊತ್ತಲ್ಲಿ ಪಟ್ಟಿ ಹಿಡ್ಕೊಂಡು ಬಂದೋರು ಹಾಗೇ ಅಂದಿದ್ರು," ಎಂದಳು ಸೆನಾದಾ. "ಕೇಳಿದೋರಿಗೆಲ್ಲ ಹೂಂ ಅಂದೋರೂ ಉಳೀಲಿಲ್ಲ, ಉಹೂಂ ಅಂದೋರೂ ಉಳೀಲಿಲ್ಲ. ಬರದೇ ಇದ್ದೋರನ್ನ ಮೊದ್ಲು ಹುಡುಕ್ಕೊಂಡು ಹೋದ್ರು. ನನ್ನ ಹೆಸರು ಎಲ್ಲಿ ಬರ್ದಿದೆಯೋ ಅಲ್ಲೇ ನಿಲ್ತೀನಿ. ಅಲ್ಲಾಡೋದಿಲ್ಲ."

"ಸರಿ ಹಾಗಾದ್ರೆ," ಎಂದ ಡೆಲ್ಮರ್, ಬಸ್ಸಿನ ದಾರಿ ಬದಲಾಯಿತೆಂದು ಯಾರೋ ಹೇಳಿದಷ್ಟು ಸಲೀಸಾಗಿ. "ನಾನೂ ಅಲ್ಲೇ ನಿಲ್ತೀನಿ. ಅಮ್ರಾ, ಬಾ ಮಗಾ, ಬಸ್ಸಲ್ಲಿ ನಲವತ್ತು ಜನ ಕಾಯ್ತಿದಾರೆ."

*

ಮೇಲೆ ಚರ್ಚು ತುಂಬಿತ್ತು. ಕಾಲುಚೀಲ ಹುಡುಕುತ್ತಿದ್ದ ಮಕ್ಕಳೆಲ್ಲ ಈಗ ಹೊಟ್ಟೆ ಬಂದ ಗಂಡಸರಾಗಿ, ಕನ್ನಡಕ ಹಾಕಿದ ಹೆಂಗಸರಾಗಿ ಬೆಂಚುಗಳಲ್ಲಿ ಕೂತಿದ್ದರು. ಏಪ್ರಿಲ್ಲಿನ ಬಿಸಿಲು ಬಣ್ಣದ ಗಾಜಿನಿಂದ ಇಳಿದು ಪೆಟ್ಟಿಗೆಯ ಮೇಲೆ ಬಿದ್ದಿತ್ತು. ಪಾಸ್ಟರಮ್ಮ, "ಯಾರಾದರೂ ಎರಡು ಮಾತು ಹೇಳುವವರಿದ್ದರೆ ಹೇಳಬಹುದು," ಎಂದರು.

ಕೆನಡಾದ ಬಾತುಕೋಳಿ ರಸ್ತೆ ದಾಟುವವರೆಗೆ ಬಸ್ಸು ನಿಲ್ಲಿಸಿ, ಇಡೀ ಶಾಲೆಗೆ ಪರೀಕ್ಷೆ ತಡವಾದ ಕತೆಯನ್ನು ಒಬ್ಬ ಹೇಳಿದ. ತನ್ನಮ್ಮ ಸತ್ತ ವಾರ ಡೆಲ್ಮರ್ ತನ್ನನ್ನು ಡ್ರೈವರಿನ ಹಿಂದಿನ ಸೀಟಿನಲ್ಲೇ ಕೂರಿಸಿಕೊಂಡ, ಏನೂ ಮಾತಾಡಲಿಲ್ಲ, ಅಷ್ಟೇ ಬೇಕಾಗಿತ್ತು ಎಂದು ಒಬ್ಬಳು ಹೇಳಿ ಅತ್ತಳು. ಕೊನೆಗೆ ಕರ್ಟಿಸ್ ಎದ್ದ. ಐವತ್ತೈದು ದಾಟಿದ್ದರೂ ಅಪ್ಪನದೇ ಭುಜ, ಅಪ್ಪನದೇ ನಡಿಗೆ.

"ನಮ್ಮಪ್ಪ ನಿಮ್ಮ ಮಕ್ಕಳಿಗೋಸ್ಕರ ಎಷ್ಟು ಬೇಕಾದ್ರೂ ಕಾಯ್ತಿದ್ದ. ಸಂತೋಷ," ಎಂದ. "ಆದ್ರೆ ಹಟಮಾರಿ. ಒಂದ್ಸಲ, ಓಟ ಬಿಟ್ಟು ಮನೇಗೆ ಹೋದ ಕುದುರೆ ಮೇಲೆ ಪಣ ಕಟ್ಟಿ, ಹೆತ್ತ ಮಗನನ್ನ ಊರಿನ ಮುಂದೆ ತಲೆ ತಗ್ಗಿಸಿ ನಿಲ್ಲಿಸ್ದ. ಆ ಕುದುರೆ ಇವತ್ತು ಬಂದಿದೆಯಾ ನೋಡಿ."

ಜನ ನಕ್ಕರು, ಸಾವಿನ ಮನೆಯಲ್ಲಿ ನಗುವ ಹಾಗೆ, ಬೇಗ ಶುರುಮಾಡಿ ಬೇಗ ನಿಲ್ಲಿಸಿ. ಸೆನಾದಾ ಮುಂದಿನ ಬೆಂಚು ಹಿಡಿದುಕೊಂಡು ಎದ್ದಳು. ಅಷ್ಟರಲ್ಲಿ ಪಾಸ್ಟರಮ್ಮ ತಲೆಯಾಡಿಸಿ ಆಯಿತೆಂದು ಸನ್ನೆ ಮಾಡಿದರು, ಆರ್ಗನ್ನು ಶುರುವಾಯಿತು, ಎಲ್ಲರೂ ಹಾಡಲು ಎದ್ದು ನಿಂತರು. ನಿಂತವರ ನಡುವೆ ಅವಳೂ ಹಾಡಲು ನಿಂತವಳಾಗಿ ಕಂಡಳು.

ಬಾಗಿಲ ಬಳಿ ಆರ್ಡಿತ್ ತೋಳು ಹಿಡಿದಳು. "ಕೆಳಗೆ ನಡಿ. ಸ್ಮಶಾನಕ್ಕೆ ಮನೆಯೋರು ಹೋಗ್ಬರ್ತಾರೆ. ಕಾಫಿ ಮಾಡೋ ಕೆಲಸ ನಿನ್ನ ಪಾಲಿಗೆ ಹಾಕಿದೀನಿ."

"ಇವತ್ತು ನಾನು ಮಾಡಲ್ಲ. ನಿಮ್ಮ ಕಾಫಿಗೂ ನೀರಿಗೂ ಏನು ವ್ಯತ್ಯಾಸ, ನಲ್ಲಿ ತಿರುಗ್ಸಿದ್ರೆ ಆಯ್ತು."

"ನಿನ್ನ ಕಾಫಿ ಕೊಟ್ರೆ ಡೆಲ್ಮರ್ ಎದ್ದು ಕೂತ್ಕೋತಾನೆ!" ಎಂದ ಆರ್ಡಿತ್ ಅವಳ ಮುಖ ನೋಡಿ ಕೈ ಬಿಟ್ಟಳು. "ಹೋಗು. ಬರ್ನೀಸ್ ನೋಡ್ಕೋತಾಳೆ."

*

ಸಮಾವೇಶಕ್ಕೆ ಮೊದಲಿನ ಆರು ವಾರ ಡೆಲ್ಮರ್ ದಿನಾ ಮಧ್ಯಾಹ್ನ ಬಸ್ಸು ನಿಲ್ಲಿಸಿ ಬಂದು, ತನ್ನ ಹಳೇ ಟ್ರಕ್ಕನ್ನು ಸೆನಾದಾಳ ಮನೆ ಮುಂದೆ ತಂದಿಟ್ಟು, ಒಳಗೆ ಕೂತು ಪತ್ರಿಕೆ ಓದುತ್ತಿದ್ದ. ರಟ್ಟು ಹಿಡಿದುಕೊಂಡು ಯಾರು ಬಂದರೂ ಗಾಜು ಇಳಿಸಿ, "ಈ ಮನೆ ಆಯ್ತು. ಏನಿದ್ರೂ ನನ್ನ ಹತ್ರ ಹೇಳಿ," ಎನ್ನುತ್ತಿದ್ದ. ಅವರು ಹೇಳುತ್ತಿದ್ದರು. ಪೈ ಕೊಡುತ್ತಿದ್ದರು, ಅವನು ತಿನ್ನುತ್ತಿದ್ದ. ಒಬ್ಬಳು ಓಡಿಬಂದು, "ಬ್ರಾಕೆಟ್ ಮೇಡಮ್ಮೇ ಫೋನಲ್ಲಿದಾರೆ, ನಿಮ್ಮ ಹತ್ರ ಮಾತಾಡ್ಬೇಕಂತೆ," ಎಂದಾಗ, "ಒಳ್ಳೇದಾಗ್ಲಿ ಅಂತ ಹೇಳಮ್ಮ, ನಾನೀಗ ಹವಾಮಾನದ ಪುಟ ಓದ್ತಿದೀನಿ," ಎಂದಿದ್ದ. ಕಿಟಕಿಯ ಪರದೆಯ ಹಿಂದೆ ನಿಂತ ಸೆನಾದಾ ಆ ದೇಶಕ್ಕೆ ಬಂದಮೇಲೆ ಮೊದಲ ಸಲ ಜೋರಾಗಿ ನಕ್ಕಿದ್ದಳು. ಆಮೇಲೆ ದಿನಾ ಒಂದು ತಟ್ಟೆ ಪಿತಾ ಟ್ರಕ್ಕಿಗೆ ಹೋಗತೊಡಗಿತು.

ಸಮಾವೇಶ ಹೈಸ್ಕೂಲಿನ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ. ಬೆಳಿಗ್ಗೆ ಲಿಂಡ್‌ಗ್ರೆನ್ ಮೂಲೆಯಲ್ಲಿ ಇಪ್ಪತ್ತೊಂದು ಜನರಿದ್ದರು. ಉಳಿದೆರಡು ಗುಂಪಿನವರು ಒಬ್ಬೊಬ್ಬರನ್ನೇ ತೋಳು ಹಿಡಿದು, ಕಿವಿಯಲ್ಲಿ ಮಾತಾಡಿ, ನಗಿಸಿ ಕರೆದುಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಇಬ್ಬರು ಉಳಿದರು. ನೂರಕ್ಕೆ ಹದಿನೈದು ಜನವಿಲ್ಲದ ಮೂಲೆ ಲೆಕ್ಕಕ್ಕೇ ಇಲ್ಲ. ಅವರಿಬ್ಬರು ನಿಂತರೂ ಒಂದೇ, ಮನೆಗೆ ಹೋದರೂ ಒಂದೇ.

ಬ್ರಾಕೆಟ್ ಗುಂಪಿನ ಮುಂದಾಳು ಕರ್ಟಿಸ್. ಇನ್ನೊಂದು ತಲೆ ಸಿಕ್ಕಿದ್ದರೆ ಅವರಿಗೆ ಮೇಲಿನ ಹಂತದ ಸಮಾವೇಶಕ್ಕೆ ಇನ್ನೊಂದು ಜಾಗ ಸಿಗುತ್ತಿತ್ತು, ಆ ಜಾಗ ಕರ್ಟಿಸನದು. ಎರಡು ವರ್ಷ ಅವನು ಅದಕ್ಕಾಗಿ ಊರೂರು ತಿರುಗಿದ್ದ. ಇಡೀ ಅಂಗಳ ನೋಡುತ್ತಿರುವಾಗ ಅವನು ನಡುವಿನ ಗೆರೆ ದಾಟಿ ಅಪ್ಪನ ಮುಂದೆ ಬಂದು ನಿಂತ.

"ಅಪ್ಪ, ಒಂದೇ ಒಂದು ತಲೆ. ನೀನು ಬಾ ಸಾಕು, ಅವರು ಬರೋದು ಬೇಡ."

"ನಾನಿಲ್ಲೇ ಇರ್ತೀನಿ ಮಗಾ."

"ಯಾರಿಗೋಸ್ಕರ? ಆ ಮನುಷ್ಯನಿಗೆ ನಿನ್ನ ಹೆಸರೂ ಗೊತ್ತಿಲ್ಲ!"

"ಅದು ನಿಜ," ಎಂದ ಡೆಲ್ಮರ್.

"ನನಗೋಸ್ಕರ ಬಾ ಅಂತಿದೀನಿ."

ಡೆಲ್ಮರನ ಬೆನ್ನ ಹಿಂದೆ ಗೋಡೆಗೆ ಒತ್ತಿ ನಿಂತಿದ್ದ ಸೆನಾದಾಳಿಗೆ ಅವನ ಕತ್ತು ಕೆಂಪಾಗುವುದು ಕಂಡಿತು. ಅವನು ನಿಂತಲ್ಲಿಂದ ಕದಲಲಿಲ್ಲ. ತಿರುಗಿ ಅವಳನ್ನು ತೋರಿಸಲೂ ಇಲ್ಲ. ಕರ್ಟಿಸ್ ಹಿಂದಕ್ಕೆ ನಡೆದುಹೋದ. ಮರುವರ್ಷ ಊರು ಬಿಟ್ಟ. ಆಮೇಲೆ ಅಪ್ಪ ಮಗನ ನಡುವೆ ಫೋನಿನಲ್ಲಿ ಉಳಿದದ್ದು ಮಳೆ ಬಿಸಿಲಿನ ಮಾತು ಮಾತ್ರ.

ಆ ಅಂಗಳ ಎಷ್ಟು ನಿರಪಾಯದ್ದೆಂದು ಸೆನಾದಾಳಿಗೆ ತಿಳಿಯಲು ವರ್ಷಗಳು ಬೇಕಾದವು. ತಿಳಿದ ದಿನ ನಾಚಿಕೆಯಿಂದ ಕುಸಿದು, "ನಾನು ಕರ್ಟಿಸ್‌ಗೆ ಕಾಗದ ಬರೀತೀನಿ," ಎಂದಳು. ಡೆಲ್ಮರ್ ಪಿತಾ ತಿನ್ನುವುದನ್ನು ನಿಲ್ಲಿಸಿ, "ಬೇಡ. ಅವನಿಗೆ ಅದು ಗೊತ್ತಾಗೋದು ಬೇಡ," ಎಂದ. ಯಾಕೆಂದು ಹೇಳಲಿಲ್ಲ. ಅವನು ಹಾಗೆನ್ನುತ್ತಿರುವುದು ತನ್ನ ಮಾನ ಉಳಿಸಲೆಂದು ಅವಳು ತಿಳಿದಳು. ಅವನು ಬದುಕಿರುವವರೆಗೂ ಆ ಮಾತು ಮೀರಲಿಲ್ಲ.

*

ಸ್ಮಶಾನದಲ್ಲಿ ಗಾಳಿ ಜೋರಾಗಿತ್ತು. ಪಾಸ್ಟರಮ್ಮ ಪೆಟ್ಟಿಗೆಯ ಮೇಲೆ ಒಂದು ಚಿಟಿಕೆ ಮಣ್ಣು ಹಾಕಿ, ಪ್ರಾರ್ಥನೆ ಮುಗಿಸಿ, ಚರ್ಚಿನಲ್ಲಿ ಊಟ ಬಿಸಿಯಾಗಿದೆ ಎಂದರು. ಜನ ಕಾರುಗಳ ಕಡೆ ನಡೆದರು. ಗುಂಡಿ ಮುಚ್ಚುವ ಹಳದಿ ಯಂತ್ರ ದೂರದ ಮರಗಳ ಹಿಂದೆ, ಮನೆಯವರು ಮರೆಯಾಗುವುದನ್ನು ಕಾಯುತ್ತ ನಿಂತಿತ್ತು.

ಸೆನಾದಾ ಕದಲಲಿಲ್ಲ. ಕೊನೆಯವರ ಕೈ ಕುಲುಕಿ ಹೊರಟ ಕರ್ಟಿಸ್ ಅವಳನ್ನು ನೋಡಿ ನಿಂತ.

"ಬನ್ನಿ, ನನ್ನ ಕಾರಲ್ಲೇ ಬಿಡ್ತೀನಿ."

"ನನ್ನ ಗುರುತು ಸಿಕ್ತಾ?"

"ಸಿಗದೆ ಏನು? ಲಿಂಡ್‌ಗ್ರೆನ್ ಮೂಲೆಯೋರು," ಎಂದು ಕರ್ಟಿಸ್ ತುಟಿಯಲ್ಲೇ ನಕ್ಕ.

"ಲಿಂಡ್‌ಗ್ರೆನ್‌ಗೋಸ್ಕರ ಅಲ್ಲ, ನಿಮ್ಮಪ್ಪ ನಿಂತಿದ್ದು ನನಗೋಸ್ಕರ," ಎಂದಳು ಸೆನಾದಾ. ಹದಿನಾರು ವರ್ಷ ನೂರು ತರ ಜೋಡಿಸಿಟ್ಟಿದ್ದ ಮಾತು ಕೊನೆಗೆ ಇಷ್ಟೇ ಆಗಿ ಹೊರಬಿತ್ತು. ಆಮೇಲೆ ಉಳಿದದ್ದನ್ನು ಹೇಳಿದಳು. ಬಾಗಿಲಿಗೆ ಬಂದ ಇಬ್ಬರನ್ನು, ಪಟ್ಟಿಯನ್ನು, ತುಂಬಿಟ್ಟ ಚೀಲವನ್ನು, ಟ್ರಕ್ಕನ್ನು. "ನಾನು ಅಲ್ಲಾಡಿದ್ರೆ ಸಾಯ್ತೀನಿ ಅಂದ್ಕೊಂಡಿದ್ದೆ. ದಡ್ಡತನ. ಆದ್ರೆ ಅವರು ನನ್ನನ್ನ ದಡ್ಡಿ ಅನ್ಲಿಲ್ಲ. ಪಕ್ಕದಲ್ಲಿ ನಿಂತ್ಕೊಂಡ್ರು."

ಕರ್ಟಿಸನ ಮುಖ ಬಿಗಿಯಾಯಿತು. "ಹದಿನಾರು ವರ್ಷ! ಒಂದು ಮಾತು ಹೇಳೋಕೆ ಏನಾಗಿತ್ತು ಆತನಿಗೆ?"

"ನನಗೇನಾಗಿತ್ತು ಅಂತ ಕೇಳಿ. ಅವರನ್ನಲ್ಲ."

ಅವನು ಕೇಳಲಿಲ್ಲ. ಬೇರೇನೋ ಯೋಚಿಸುತ್ತಿದ್ದ. "ಬಂದಿದ್ರಲ್ಲ ಇಬ್ರು, ಯಾವತ್ತು ಬಂದಿದ್ದು? ಒಬ್ಬ ಕುಳ್ಳ, ಕೆಂಪು ಗಡ್ಡ ಇತ್ತಾ?"

"ಇತ್ತು."

ಕರ್ಟಿಸ್ ಪೆಟ್ಟಿಗೆಯ ಕಡೆ ತಿರುಗಿದ.

"ಅವರು ನನ್ನ ಜನ," ಎಂದ. "ನಾನೇ ಕಳ್ಸಿದ್ದು. ಆ ಪಟ್ಟಿ ಅಡುಗೆಮನೆ ಮೇಜಿನ ಮೇಲೆ ಕೂತು ನಾನೇ ಟೈಪ್ ಮಾಡಿದ್ದೆ. ಅಪ್ಪ ಎದುರಿಗೇ ಕೂತಿದ್ದ, ಸೂಪು ಕುಡೀತಾ."

ಡೆಲ್ಮರ್ ಸುಮ್ಮನಿದ್ದು ಕಾಪಾಡಿದ್ದು ತನ್ನೊಬ್ಬಳನ್ನೇ ಅಲ್ಲ, ಮಗನನ್ನೂ ಎಂಬುದು ಸೆನಾದಾಳಿಗೆ ಆಗ ಹೊಳೆಯಿತು. ಅವಳು ಕರ್ಟಿಸನ ತೋಳು ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ.

ಯಂತ್ರದವನು ಟೋಪಿ ತಿರುವುತ್ತ ಹತ್ತಿರ ಬಂದ. "ಅವಸರ ಇಲ್ಲ ಸಾರ್... ಸಾಮಾನ್ಯವಾಗಿ ಮನೆಯೋರು ಹೋದಮೇಲೆ ನಾವು ಮುಚ್ಚೋದು."

"ನೀವು ಇಳಿಸಿ," ಎಂದಳು ಸೆನಾದಾ. "ನಮ್ಮಲ್ಲಿ ಮಣ್ಣು ಪೂರ್ತಿ ಮುಚ್ಚೋವರೆಗೂ ಬಿಟ್ಟು ಹೋಗಲ್ಲ. ಜೊತೆಗೆ ಬಂದೋರೇ ಹಾಕ್ತಾರೆ. ಹೆಂಗಸ್ರು ಬರೋ ಪದ್ಧತಿ ಇಲ್ಲ, ಆದ್ರೆ ಇಲ್ಲಿ ಯಾರು ಕೇಳ್ತಾರೆ? ಯುದ್ಧದಲ್ಲಿ ಹೋದ ನನ್ನ ಗಂಡನಿಗೆ ಮಣ್ಣು ಹಾಕಿದೋರು ಯಾರೋ ನನಗಿನ್ನೂ ಗೊತ್ತಿಲ್ಲ. ಇವರಿಗೆ ನಾನು ಹಾಕ್ತೀನಿ. ಒಂದು ಸಲಿಕೆ ಕೊಡಿ."

ಯಂತ್ರದವನು ಕರ್ಟಿಸನ ಮುಖ ನೋಡಿದ. ಕರ್ಟಿಸ್ ತಲೆಯಾಡಿಸಿದ.

ಪೆಟ್ಟಿಗೆ ಇಳಿಯಿತು. ಯಂತ್ರ ಹತ್ತಿರ ಬಂದು ಗುಂಡಿಯೊಳಗಿನ ಸಿಮೆಂಟು ತೊಟ್ಟಿಗೆ ಮುಚ್ಚಳ ಕೂರಿಸಿತು. ಅಯೋವಾದ ಕಪ್ಪು ಮಣ್ಣು ಭಾರ. ಮೊದಲ ಸಲಿಕೆ ಎತ್ತಿದಾಗ ಸೆನಾದಾಳ ಚಪ್ಪಟೆ ಬೂಟು ಕೆಸರಿನಲ್ಲಿ ಹೂತಿತು. ಮೂರನೆಯದಕ್ಕೆ ಅವಳ ಉಸಿರು ಏರಿತು. ಕರ್ಟಿಸ್ ಗಡಿಯಾರ ನೋಡಿಕೊಂಡ, ಅದನ್ನು ಬಿಚ್ಚಿ ಜೇಬಿಗೆ ಹಾಕಿದ. ಯಂತ್ರದ ಹಿಂದೆ ಒರಗಿಸಿದ್ದ ಇನ್ನೊಂದು ಸಲಿಕೆ ತಂದು, ಅಂಗಿಯ ತೋಳು ಮಡಚಿ, ಆಚೆ ಬದಿಗೆ ನಿಂತ.

ಇಬ್ಬರೂ ಸರದಿಯಲ್ಲಿ ಮಣ್ಣು ಹಾಕತೊಡಗಿದರು. ಯಂತ್ರದ ಕಬ್ಬಿಣದ ಹಲ್ಲಿಗೆ ಕರ್ಟಿಸ್ ತಗುಲಿಸಿದ್ದ ಕಪ್ಪು ಕೋಟು ಗಾಳಿ ತುಂಬಿಕೊಂಡು, ಎರಡೂ ತೋಳು ಚಾಚಿ, ಅವರ ತಲೆಯ ಮೇಲೆ ನಿಂತಿತ್ತು.